ಕೆಂಪು ಕಾಯಿ ನಡೆಸುತ್ತಿದ್ದ ಕೈ

"ಆಧಾರ್ ತೋರಿಸ್ರಿ ಅಕ್ಕಾರ."

ಕಂಡಕ್ಟರ್ ಟಿಕೆಟ್ ಮಷಿನ್ ಹಿಡಿದು ಸೀಟಿನ ಪಕ್ಕ ನಿಂತಿದ್ದ. ಶಿವರಂಜನಿ ಮುಖದ ಮೇಲಿನ ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು.

ಅಯ್ಯೋ... ಇದೊಂದು ತನಗೆ ಹೊಳೆಯಲೇ ಇಲ್ಲವಲ್ಲ!

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆಧಾರ್ ತೋರಿಸದೆ ಆ ಪುಕ್ಕಟೆ ಟಿಕೆಟ್ ಇಲ್ಲ. ತೋರಿಸಿದರೆ ಅದರಲ್ಲಿ ಅವಳ ಹೆಸರಿದೆ, ಫೋಟೊ ಇದೆ. ಆ ಹೆಸರು ಈ ಕಂಡಕ್ಟರನಿಗೆ ಚೆನ್ನಾಗಿಯೇ ಗೊತ್ತು. ಬರುವ ತಿಂಗಳು ಅವನು ತಾಳಿ ಕಟ್ಟಬೇಕಾದ ಹುಡುಗಿಯ ಹೆಸರೇ ಅದು.

ಹೌದು, ಮದುವೆಯಾಗಬೇಕಾದ ಗಂಡಿನ ಬಸ್ಸಿಗೇ ಮುಖ ಮುಚ್ಚಿಕೊಂಡು ಹತ್ತಿದ್ದಳು ನಮ್ಮ ಶಿವರಂಜನಿ. ಅವನ ಗುಟ್ಟು ಹಿಡಿಯಲು ಹೊರಟವಳು ಶಹಾಪುರದ ಬಸ್ ಸ್ಟ್ಯಾಂಡ್ ದಾಟುವ ಮೊದಲೇ ತಾನೇ ಸಿಕ್ಕಿಬೀಳುವ ಹಾಗಿತ್ತು.

"ಮನ್ಯಾಗ ಬಿಟ್ಟು ಬಂದೀನ್ರಿ. ರೊಕ್ಕ ಕೊಡ್ತೀನಿ, ಸುರಪುರಕ್ಕ ಒಂದು ಟಿಕೆಟ್ ಕೊಡ್ರಿ," ಎಂದಳು ಗಂಟಲು ಬದಲಾಯಿಸಿ.

"ಫೋನಿನ್ಯಾಗ ಫೋಟೊ ಇದ್ರೂ ನಡೀತದ್ರಿ."

"ಇಲ್ರಿ."

ಕಂಡಕ್ಟರ್ ರೇವಣಸಿದ್ದ ಅವಳನ್ನೊಮ್ಮೆ ನೋಡಿದ. ಆಮೇಲೆ ಅವಳ ತೊಡೆಯ ಮೇಲಿದ್ದ ಫೋನನ್ನು ನೋಡಿದ. "ರೊಕ್ಕ ಕೊಟ್ಟು ಹೊಂಟ ಹೆಣಮಗಳನ್ನ ನೋಡಿ ಭಾಳ ದಿನ ಆಗಿತ್ತು," ಎಂದು ಟಿಕೆಟ್ ಹರಿದುಕೊಟ್ಟು ಹಿಂದಿನ ಸೀಟಿಗೆ ಹೋದ.

ಗುರುತು ಹಿಡಿದನೆ? ಇಲ್ಲ, ಹೇಗೆ ಹಿಡಿಯುತ್ತಾನೆ... ಹೆಣ್ಣು ನೋಡಲು ಬಂದ ದಿನ ಒಮ್ಮೆ ನೋಡಿದ್ದಷ್ಟೆ.

ಫೋನಿನ ಪರದೆಯ ಮೇಲೆ ಲೂಡೋ ಆಟ ತೆರೆದೇ ಇತ್ತು. ಹಸಿರು ಕಾಯಿ ಅವಳದು, ಕೆಂಪು ಕಾಯಿ ಅವನದು. ಸ್ವಲ್ಪ ಹೊತ್ತಿನ ಮುಂಚೆ, ಬಸ್ಸು ಶಹಾಪುರದಲ್ಲಿ ನಿಂತಿದ್ದಾಗ, ಅವನು ಬಾಗಿಲ ಮೆಟ್ಟಿಲ ಮೇಲೆ ಕೂತು ಆಡಿದ್ದನ್ನು ಅವಳು ಬಾಳೆಹಣ್ಣಿನ ಬಂಡಿಯ ಮರೆಯಿಂದ ಕಣ್ಣಾರೆ ನೋಡಿದ್ದಳು. ಆಡಿ, ಅವಳ ಒಂದು ಕಾಯಿ ಹೊಡೆದು, ಫೋನನ್ನು ಜೇಬಿಗಿಳಿಸಿ, ಸೀಟಿ ಊದಿದ್ದ.

ಈಗ ಅವನ ಎರಡೂ ಕೈ ಟಿಕೆಟ್ ಮಷಿನ್ ಮೇಲಿವೆ. ಫೋನು ಜೇಬಿನಲ್ಲಿದೆ.

ಅವಳು ನೋಡುತ್ತಿದ್ದಂತೆಯೇ ಪರದೆಯ ಮೇಲೆ ದಾಳ ಉರುಳಿತು. ಕೆಂಪು ಕಾಯಿ ಟುಕು ಟುಕು ನಡೆದು ಮುಂದೆ ಹೋಯಿತು.

'ಕಂಪ್ಯೂಟರ್ ಆಡಿರಬೇಕು,' ಎಂದುಕೊಂಡಳು. ಆ ಆಟದ ಪದ್ಧತಿಯೇ ಹಾಗೆ. ಆಡುವವರು ತಡ ಮಾಡಿದರೆ ಅವರ ಪಾಳಿಯನ್ನು ಕಂಪ್ಯೂಟರ್ ತಾನೇ ಆಡಿ ಮುಗಿಸುತ್ತದೆ.

ಅಷ್ಟರಲ್ಲಿ ಕೆಂಪಿನ ಮನೆಯಿಂದ ಒಂದು ಗುಲಾಬಿ ಹೂವು ಹಾರಿ ಬಂದು, ಹಸಿರಿನ ಮನೆಯ ಮೇಲೆ ಅರಳಿ ಮಾಯವಾಯಿತು.

ಕಂಪ್ಯೂಟರ್ ಕಾಯಿ ನಡೆಸೀತು, ಹೂವು ಕಳಿಸುವುದಿಲ್ಲ. ಅದಕ್ಕೆ ಮನುಷ್ಯರ ಬೆರಳೇ ಬೇಕು. ಅಂದರೆ ರೇವಣಸಿದ್ದನ ಹೆಸರಿನಲ್ಲಿ ಇನ್ನೊಂದು ಕೈ ಆಡುತ್ತಿದೆ... ಯಾರದು ಆ ಕೈ?

* * *

ಮದುವೆ ಗೊತ್ತಾದ ಹುಡುಗ ಹುಡುಗಿ ಈಗಿನ ಕಾಲದಲ್ಲಿ ಲೂಡೋ ಆಡಿ ಪರಿಚಯ ಮಾಡಿಕೊಳ್ಳುವುದು ಎಲ್ಲಿಯಾದರೂ ಉಂಟೆ ಎಂದು ನೀವು ಕೇಳಬಹುದು. ಶಹಾಪುರದ ಶಾಂತಪ್ಪನ ಮನೆಯಲ್ಲಿ ಉಂಟು.

ಎರಡು ವರ್ಷದ ಹಿಂದೆ ಶಿವರಂಜನಿಗೆ ಹುಣಸಗಿಯ ಒಂದು ಸಂಬಂಧ ಗಟ್ಟಿಯಾಗಿತ್ತು. ಆ ಹುಡುಗ ಪುಣೆಯಲ್ಲಿದ್ದ. ಆರು ತಿಂಗಳು ಫೋನಿನಲ್ಲಿ ಎಂಥ ಮಾತು, ಎಂಥ ಸಕ್ಕರೆ! ಕಡೆಗೆ ಮದುವೆಗೆ ವಾರ ಇರುವಾಗ ಗೊತ್ತಾಯಿತು, ಅವನಿಗೆ ಪುಣೆಯಲ್ಲಿ ಆಗಲೇ ಒಂದು ಸಂಸಾರ ಇದೆ ಎಂದು. ಹಾಕಿದ ಚಪ್ಪರ ಬಿಚ್ಚಬೇಕಾಯಿತು.

ಅಂದಿನಿಂದ ಮನೆಯವರೆಲ್ಲ ಅವಳನ್ನು ಗಾಜಿನ ಬಳೆಯ ಹಾಗೆ ಹಿಡಿಯತೊಡಗಿದರು. ಅವ್ವ ಚಂದಮ್ಮ ಅವಳೆದುರು ಮದುವೆಯ ಮಾತು ಬಂದರೆ ದನಿ ತಗ್ಗಿಸುತ್ತಿದ್ದಳು. ಅಪ್ಪ ಶಾಂತಪ್ಪ ಕಾರಣವಿಲ್ಲದೆ ಮಿಠಾಯಿ ತರುತ್ತಿದ್ದ. ಅವಳು ಪಾಠ ಹೇಳುವ ಶಾಲೆಯಲ್ಲಿಯೂ ಟೀಚರುಗಳು 'ಪಾಪ' ಎಂಬ ಮುಖ ಮಾಡುತ್ತಿದ್ದರು. ಆ 'ಪಾಪ' ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು.

ಸುರಪುರದ ಈ ಸಂಬಂಧ ಬಂದಾಗ ಶಾಂತಪ್ಪ ಒಂದೇ ಮಾತು ಹೇಳಿದ್ದ. "ಮದುವಿ ತನಕ ಫೋನಿನ್ಯಾಗ ಮಾತು ಬ್ಯಾಡ. ಮಾತಿನ್ಯಾಗ ಮೋಸ ಇರ್ತದ."

ಅದಕ್ಕೆ ಹುಡುಗನ ಕಡೆಯಿಂದ ಉತ್ತರ ಬಂತು. "ಮಾತು ಬ್ಯಾಡಂದ್ರ ಬ್ಯಾಡ್ರಿ. ಆಟ ಆಡಬಹುದಲ್ಲ?"

ಶಾಂತಪ್ಪ ಗಡ್ಡ ಕೆರೆದುಕೊಂಡು ಯೋಚಿಸಿದ. ಆಟದಲ್ಲಿ ಸುಳ್ಳು ಹೇಳಲು ಏನಿದೆ? ಒಪ್ಪಿಕೊಂಡ. ಆದರೂ ಒಂದು ಷರತ್ತು ಹಾಕಿದ. ಮಗಳ ಫೋನಿನಲ್ಲಿದ್ದ ಆಟ ಚಂದಮ್ಮನ ಫೋನಿನಲ್ಲಿಯೂ ಕಾಣಬೇಕು.

ಹೀಗೆ ಆಟ ಶುರುವಾಯಿತು. ರೇವಣಸಿದ್ದನ ಯಾದಗಿರಿ-ಸುರಪುರ ಬಸ್ಸು ಬೆಳಿಗ್ಗೆ ಶಹಾಪುರದಲ್ಲಿ ಚಹಾಕ್ಕೆ ನಿಲ್ಲುತ್ತದೆ. ಆ ಹೊತ್ತಿಗೆ ಅವನು ಆಡುತ್ತಿದ್ದ. ಇವಳು ಶಾಲೆಗೆ ಹೊರಡುವ ಮೊದಲು ಆಡುತ್ತಿದ್ದಳು. ಶಾಲೆಯಲ್ಲಿ ಫೋನು ಹೆಡ್ ಮೇಡಂ ಬೀರುವಿನಲ್ಲಿ. ಸಂಜೆ ತೆಗೆದು ನೋಡಿದರೆ ತನ್ನ ಕಾಯಿ ಒಂದಿಷ್ಟು ಮುಂದೆ ಹೋಗಿರುತ್ತಿದ್ದವು. ಕಂಪ್ಯೂಟರ್ ಆಡಿತು ಎಂದುಕೊಂಡು ಸುಮ್ಮನಿರುತ್ತಿದ್ದಳು.

ಬೆಳಗಿನ ಆ ಕೆಂಪು ಕಾಯಿಗೆ ಕರುಣೆ ಎಂಬುದೇ ಇರಲಿಲ್ಲ. ಒಂದು ದಿನ ಅವಳ ಮೂರು ಕಾಯಿ ಹಣ್ಣಾಗಿ, ಕಡೆಯದು ಮನೆಯ ಬಾಗಿಲಿಗೆ ಬಂದಿತ್ತು. ಎಲ್ಲಿಂದಲೋ ಬಂದ ಕೆಂಪು ಕಾಯಿ ಅದನ್ನು ಹೊಡೆದು ಮೊದಲಿನ ಜಾಗಕ್ಕೆ ಕಳಿಸಿತು. ಶಿವರಂಜನಿ ಫೋನು ಹಿಡಿದು ಜೋರಾಗಿ ನಕ್ಕುಬಿಟ್ಟಳು. ಅಡುಗೆಮನೆಯಿಂದ ಚಂದಮ್ಮ ಓಡಿ ಬಂದಳು. ಮಗಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ!

ಈ ಮನುಷ್ಯ ತನ್ನನ್ನು ಪಾಪ ಅನ್ನುವವನಲ್ಲ... ಆ ದಿನವೇ ಅವಳ ಮನಸ್ಸು ಅವನ ಕಡೆ ವಾಲಿತು. ಮಾತಿಲ್ಲ, ಕತೆಯಿಲ್ಲ, ಬರೀ ಕಾಯಿ ಹೊಡೆಸಿಕೊಂಡು ಪ್ರೀತಿಯಲ್ಲಿ ಬಿದ್ದವಳು ಇವಳೊಬ್ಬಳೇ ಇರಬೇಕು.

ಆದರೆ ಭಾನುವಾರಗಳು ಬಂದವು. ಶಾಲೆಗೆ ರಜೆ, ಫೋನು ಕೈಯಲ್ಲಿ. ಅವನಿಗೆ ಮಾತ್ರ ಡ್ಯೂಟಿ. ಮಧ್ಯಾಹ್ನದ ಹೊತ್ತಿಗೆ ಕೆಂಪು ಕಾಯಿ ನಡೆಯುತ್ತಿತ್ತು, ಮತ್ತು ಅದು ಬೇರೆಯೇ ಕಾಯಿ! ಹೊಡೆಯುವ ಅವಕಾಶವಿದ್ದರೂ ಹೊಡೆಯುತ್ತಿರಲಿಲ್ಲ. ಅವಳ ಕಾಯಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಮೇಲೆ ಹೂವು ಬೇರೆ.

ಒಬ್ಬ ಮನುಷ್ಯನಿಗೆ ಎರಡು ಸ್ವಭಾವ ಹೇಗೆ? ಅವನು ಬಸ್ಸಿನಲ್ಲಿರುವಾಗ ಅವನ ಆಟವನ್ನು ಇನ್ನಾರೋ ಇಷ್ಟು ಹಕ್ಕಿನಿಂದ ಆಡುತ್ತಾರೆಂದರೆ ಅವರು ಅವನಿಗೆ ಏನಾಗಬೇಕು? ಪುಣೆಯ ನೆನಪು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತು.

ನಾಳೆ ಜವಳಿ. ಎರಡೂ ಕಡೆಯ ಹಿರಿಯರು ಯಾದಗಿರಿಗೆ ಹೋಗಿ ಮದುವೆಯ ಬಟ್ಟೆ ತರುವ ದಿನ. ಜವಳಿ ಮನೆಗೆ ಬಂತೆಂದರೆ ಮುಗಿಯಿತು, ಮತ್ತೆ ಹಿಂದೆ ಸರಿಯುವ ಮಾತಿಲ್ಲ. ಅಪ್ಪನಿಗೆ 'ಬೇಡ' ಅನ್ನುವುದಿದ್ದರೆ ಇವತ್ತೇ ಅನ್ನಬೇಕು. ಎರಡನೇ ಸಲ ಮದುವೆ ಮುರಿದ ಹುಡುಗಿ ಎಂಬ ಹೆಸರು ಹೊರಬೇಕು.

ಅದಕ್ಕೇ ಶಾಲೆಗೆ ರಜೆ ಹಾಕಿದಳು. ಸುರಪುರದಲ್ಲಿ ಟೀಚರುಗಳಿಗೆ ಟ್ರೇನಿಂಗ್ ಇದೆ, ಫೋನು ಬಂದ್ ಇರುತ್ತದೆ ಎಂದು ಅವ್ವನಿಗೆ ಸುಳ್ಳು ಹೇಳಿ ಬಸ್ಸು ಹತ್ತಿದಳು. ಸುರಪುರದಲ್ಲಿಳಿದು ಅವನ ಮನೆಯನ್ನೇ ಹುಡುಕಿಕೊಂಡು ಹೋಗುವುದು. ಅಲ್ಲಿ ಯಾರಿದ್ದಾರೆಂದು ನೋಡುವುದು. ಅವಳ ಯೋಜನೆ ಇಷ್ಟೆ.

* * *

ಬಸ್ಸು ಹತ್ತಿಗೂಡೂರ ದಾಟಿತು. ಎರಡೂ ಬದಿಗೆ ಕಾಲುವೆ ನೀರಿನ ಗದ್ದೆಗಳು, ಕೊಯ್ಲಿಗೆ ಬಂದ ಭತ್ತ. ಅವಳ ಕಣ್ಣು ಯಾವುದನ್ನೂ ನೋಡುತ್ತಿರಲಿಲ್ಲ. ಫೋನಿನಲ್ಲಿ ಹಸಿರಿನ ಪಾಳಿ ಬಂದು ಎಷ್ಟೋ ಹೊತ್ತಾಗಿತ್ತು. ಅವಳು ಮುಟ್ಟಿರಲಿಲ್ಲ. ಆಮೇಲೆ ಹಸಿರು ಕಾಯಿ ತಾನೇ ನಡೆಯಿತು. ಅದರ ಕಡೆ ಅವಳಿಗೆ ಲಕ್ಷ್ಯವೇ ಇಲ್ಲ.

ಹಿಂದೆ ಕಂಬಿ ಹಿಡಿದು ನಿಂತಿದ್ದ ಒಬ್ಬನಿಗೆ ಮಾತ್ರ ಪೂರ್ತಿ ಲಕ್ಷ್ಯವಿತ್ತು.

ಸುರಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದ್ದಳೋ ಇಲ್ಲವೋ, ಬೆನ್ನ ಹಿಂದೆ ದನಿ ಕೇಳಿತು.

"ಶಿವರಂಜನಿ."

ಅವಳು ನಿಂತಳು. ತಿರುಗಿದಳು. ಮಾಸ್ಕ್ ತೆಗೆಯುವುದೋ ಬೇಡವೋ ತಿಳಿಯಲಿಲ್ಲ. ಕಡೆಗೆ ತೆಗೆದಳು.

"ಯಾವಾಗ ಗುರುತು ಹಿಡದ್ರಿ?"

"ರೊಕ್ಕ ಕೊಡ್ತೀನಿ ಅಂದಾಗ ಸಂಶೆ ಬಂತು. ಫೋನಿನ್ಯಾಗ ನನ್ನ ಹೆಸರು ನೋಡಿದ ಮ್ಯಾಲ ಖಾತ್ರಿ ಆತು." ಅವನ ಮುಖದಲ್ಲಿ ನಗುವಿರಲಿಲ್ಲ. "ಯಾಕ ಬಂದ್ರಿ? ನನ್ನ ಮ್ಯಾಲ ಕಣ್ಣಿಡಾಕ?"

"ಹೌದು." ಅವಳು ಅಂಜಲಿಲ್ಲ. ಅಂಜುವ ಕಾಲ ಮುಗಿದಿತ್ತು. "ನಿಮ್ಮ ಕೆಂಪು ಕಾಯಿ ಯಾರು ಆಡ್ತಾರ?"

"ನಾನ ಆಡ್ತೀನಿ. ನಾ ಆಡದಿದ್ರ ಕಂಪ್ಯೂಟರ್ ಆಡ್ತದ."

"ಕಂಪ್ಯೂಟರ್ ಹೂವು ಕಳಿಸ್ತದೇನ್ರಿ?"

ರೇವಣಸಿದ್ದ ಹುಬ್ಬು ಗಂಟಿಕ್ಕಿದ. "ಯಾವ ಹೂವು?"

"ಗೊತ್ತಿಲ್ಲದವರ ಹಾಂಗ ಮಾಡಬ್ಯಾಡ್ರಿ. ಈಗ ಬಸ್ಸಿನ್ಯಾಗ ನಿಮ್ಮ ಎರಡೂ ಕೈ ನಾ ನೋಡಾಕತ್ತಿದ್ದೆ. ಕೆಂಪು ಕಾಯಿ ನಡೀತು. ಹೂವು ಬಂತು. ನಾ ಒಂದು ಸಲ ಸುಟ್ಟುಕೊಂಡಾಕಿ ಅದೀನಿ. ಯಾರಾದ್ರೂ ಇದ್ರ ಈಗ ಹೇಳಿಬಿಡ್ರಿ. ನಾಳೆ ಜವಳಿ ಅದ. ನಾ ಮನಿಗಿ ಹೋಗಿ ಅಪ್ಪಗ ಹೇಳ್ತೀನಿ, ಅಷ್ಟ."

ಅವಳ ದನಿ ಕಡೆಯಲ್ಲಿ ನಡುಗಿತು. ಅದಕ್ಕೆ ಅವಳಿಗೇ ತನ್ನ ಮೇಲೆ ಸಿಟ್ಟು ಬಂತು.

"ನಾ ಇವತ್ತ ಸಂಜಿಗಿ ನಮ್ಮ ಅವ್ವಗ ಅದ ಮಾತು ಹೇಳಬೇಕಂತ ಮಾಡಿದ್ದೆ," ಎಂದ. "ಜವಳಿ ಬ್ಯಾಡ ಅಂತ."

ಶಿವರಂಜನಿ ಬೆಚ್ಚಿ ನೋಡಿದಳು. ಅವನೂ ಬೇಡ ಅನ್ನುವವನಿದ್ದ... ಅವಳು ಬೇಡ ಅನ್ನಲು ಬಂದವಳೇ. ಆದರೂ ಈ ಮಾತು ಎದೆಗೆ ಬಂದು ತಾಗಿತು.

"ಯಾಕ?"

"ನಿಮ್ಮ ಹಸಿರು ಕಾಯಿ ಯಾರು ಆಡ್ತಾರ, ಅದನ್ನ ಹೇಳ್ರಿ ಮೊದಲ."

"ನಾನ..."

"ಹತ್ತಿಗೂಡೂರ ದಾಟಿದ ಮ್ಯಾಲ ನಿಮ್ಮ ಕಾಯಿ ನಡೀತು. ನೀವು ಬೆರಳು ಹಚ್ಚಲಿಲ್ಲ. ನಾ ಹಿಂದ ನಿಂತು ನೋಡೀನಿ."

"ಅದು ಕಂಪ್ಯೂಟರ್."

"ನನಗ ರಜೆ ಇದ್ದ ದಿನ ಮಧ್ಯಾಹ್ನ ನಿಮ್ಮ ಕಡಿಂದ ಹೂವು ಬರ್ತಾವ. ಒಂದಲ್ಲ, ಎರಡಲ್ಲ. ಮುಂಜಾನೆ ನನ್ನ ಕಾಯಿ ಬೆನ್ನು ಹತ್ತಿ ಹೊಡಿಯಾಕಿ, ಮಧ್ಯಾಹ್ನ ತನ್ನ ಕಾಯಿ ತಂದು ನನ್ನ ಮುಂದ ಇಟ್ಟು 'ಹೊಡಕೋ' ಅಂತಾಳ. ಇದು ಹೆಂಗ?" ಅವನು ಮುಖ ಬೇರೆ ಕಡೆ ತಿರುಗಿಸಿದ. "ಹುಡುಗಿಗಿ ಮನಸಿಲ್ಲ, ಮನಿಯವರು ಹುಡುಗಿ ಹೆಸರಿನ್ಯಾಗ ಹೂವು ಕಳಿಸಿ ನನ್ನ ಒಪ್ಪಿಸಾಕತ್ತಾರ ಅಂತ ನನ್ನ ಸಂಶೆ. ಒಲ್ಲದ ಹುಡುಗಿನ ನಾ ಕಟ್ಟಿಕೊಳ್ಳಾಂಗಿಲ್ಲ."

"ಮಧ್ಯಾಹ್ನ ನಾ ಸಾಲ್ಯಾಗ ಇರ್ತೀನಿ. ಫೋನು ಬೀರುವಿನ್ಯಾಗ ಇರ್ತದ," ಎಂದಳು ಶಿವರಂಜನಿ ನಿಧಾನಕ್ಕೆ. "ನಾ ಇಲ್ಲೀತನಾ ಒಂದೂ ಹೂವು ಕಳಿಸಿಲ್ಲ."

"ನಾನೂ ಕಳಿಸಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಂಬಿಕೆ ಇನ್ನೂ ಬಂದಿರಲಿಲ್ಲ. ಆದರೆ ಸಿಟ್ಟಿನ ಜಾಗದಲ್ಲಿ ಈಗ ಗೊಂದಲ ಬಂದು ನಿಂತಿತ್ತು.

ರೇವಣಸಿದ್ದ ಜೇಬಿನಿಂದ ಫೋನು ತೆಗೆದು, ಆಟ ತೆರೆದು, ಪಕ್ಕದ ಸಿಮೆಂಟ್ ಕಟ್ಟೆಯ ಮೇಲಿಟ್ಟ. "ನಿಮ್ಮದೂ ಇಡ್ರಿ. ಇಬ್ಬರೂ ಮುಟ್ಟೂದು ಬ್ಯಾಡ."

ಅವಳು ತನ್ನ ಫೋನನ್ನು ಅದರ ಪಕ್ಕ ಇಟ್ಟಳು. ಇಬ್ಬರೂ ಕಟ್ಟೆಯ ಎರಡು ತುದಿಗೆ ಕೂತರು. ನಡುವೆ ಎರಡು ಫೋನು.

ದಾಳ ಉರುಳಿತು. ಕೆಂಪು ಕಾಯಿ ನಡೆಯಿತು. ಅವಳ ಪರದೆಯ ಮೇಲೆ ಗುಲಾಬಿ ಅರಳಿತು.

ಮತ್ತೆ ದಾಳ ಉರುಳಿತು. ಹಸಿರು ಕಾಯಿ ನಡೆದು, ಹೋಗಿ ಹೋಗಿ ಕೆಂಪು ಕಾಯಿಯ ಮುಂದೆಯೇ ನಿಂತಿತು. ಅವನ ಪರದೆಯ ಮೇಲೆ ಒಂದಲ್ಲ, ಎರಡು ಗುಲಾಬಿ.

ಕೆಂಪು ಕಾಯಿ ಹೊಡೆಯಲಿಲ್ಲ. ಪಕ್ಕದಿಂದ ಇನ್ನೊಂದು ಕಾಯಿ ನಡೆಸಿ ಕೈಮುಗಿಯುವ ಚಿತ್ರ ಕಳಿಸಿತು. ಹಸಿರೂ ಕೈ ಮುಗಿಯಿತು.

ಮದುವೆಯಾಗಬೇಕಾದ ಇಬ್ಬರೂ ಕೈ ಕಟ್ಟಿಕೊಂಡು ಕೂತಿದ್ದರು. ಅವರ ಪ್ರೇಮ ಮಾತ್ರ ಅವರ ಹಂಗಿಲ್ಲದೆ ಜೋರಾಗಿ ನಡೆದಿತ್ತು.

"ಈ ಆಟ ನಿಮ್ಮ ಮನ್ಯಾಗ ಇನ್ಯಾರ ಫೋನಿನ್ಯಾಗ ಅದ?" ಎಂದ ರೇವಣಸಿದ್ದ.

"ನಮ್ಮ ಅವ್ವ..." ಮಾತು ಅರ್ಧಕ್ಕೇ ನಿಂತಿತು. ಅಪ್ಪ ಹಾಕಿದ ಷರತ್ತು! ಟ್ರೇನಿಂಗ್ ಇದೆ, ಫೋನು ಬಂದ್ ಇರುತ್ತದೆ ಎಂದು ಬೆಳಿಗ್ಗೆ ತಾನೇ ಅವ್ವನಿಗೆ ಹೇಳಿದ್ದಳಲ್ಲ. "ನಿಮ್ಮನ್ಯಾಗ?"

ಅವನು ಕಣ್ಣು ಮುಚ್ಚಿ ತೆರೆದ. "ನನಗ ಈ ಆಟ ಬರ್ತಿದ್ದಿಲ್ಲ. ಮೊದಲ ಅವ್ವನ ಫೋನಿನ್ಯಾಗ ನನ್ನ ಹೆಸರಿಲೆ ಹಾಕ್ಕೊಂಡು ಕಲ್ತೆ. ತಗಿಯೂದು ಮರ್ತೀನಿ." ಎದ್ದು ನಿಂತ. "ಬರ್ರಿ. ಮನಿ ಇಲ್ಲೇ ಹಿಂದಿನ ಓಣ್ಯಾಗ ಅದ. ಬಸ್ಸು ಹೊಂಡಾಕ ಇನ್ನೂ ಟೈಮ್ ಅದ. ನೀವ ನಿಮ್ಮ ಕಣ್ಣಿಲೆ ನೋಡಿ ಹೋಗ್ರಿ. ನನ್ನ ಮಾತು ನಂಬಬ್ಯಾಡ್ರಿ."

* * *

ಅವನ ಅವ್ವ ಮೋನಮ್ಮ ಬಾಗಿಲಲ್ಲೇ ಕೂತಿದ್ದಳು. ಮೊರದ ತುಂಬ ಆರಿಸದೆ ಬಿಟ್ಟ ತೊಗರಿ. ಗೋಡೆಗೆ ಆನಿಸಿಟ್ಟ ಫೋನು. ಕನ್ನಡಕ ಮೂಗಿನ ತುದಿಗೆ ಬಂದಿತ್ತು.

"ಅವ್ವಾ."

"ತಡಿಯಪ್ಪಾ ಒಂದ್ ಸ್ವಲ್ಪ." ಅವಳು ತಲೆ ಎತ್ತಲಿಲ್ಲ. "ಸೊಸಿ ಆಡಾಕತ್ತಾಳ. ಪಾಪ, ಆಟ ಬರಾಂಗಿಲ್ಲ ಆಕಿಗಿ. ಬರೋಬ್ಬರಿ ನನ್ನ ಮುಂದನ ತಂದು ಇಡ್ತಾಳ ಕಾಯಿ. ಹೊಡಿಯಾಕ ಮನಸು ಬರವಲ್ದು ನನಗ."

ಬಾಗಿಲಲ್ಲಿ ನಿಂತ ಸೊಸೆ ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡಳು. ಹಾಗಾದರೆ ಆ ಇನ್ನೊಂದು ಕೈ... ಅದರಲ್ಲಿ ಹಸಿರು ಬಳೆ ಇದ್ದವು, ಅರಿಶಿನ ಇತ್ತು, ತೊಗರಿಯ ಧೂಳಿತ್ತು. ತಾನು ಇಷ್ಟು ದಿನ ಹೆದರಿದ್ದು ಈ ಕೈಗೆ!

"ತಲಿ ಎತ್ತಿ ನೋಡವ್ವಾ. ನಿನ್ನ ಸೊಸಿ ಇಲ್ಲಿ ನಿಂತಾಳ," ಎಂದ ಮಗ.

ಮೋನಮ್ಮ ತಲೆ ಎತ್ತಿದಳು. ಶಿವರಂಜನಿಯನ್ನು ನೋಡಿದಳು. ಫೋನನ್ನು ನೋಡಿದಳು. ಪರದೆಯ ಮೇಲೆ ಹಸಿರು ಕಾಯಿ ಆಗಷ್ಟೇ ನಡೆದು ನಿಂತಿತ್ತು.

"ನೀ ಇಲ್ಲಿದ್ದೀದಿ... ಮತ್ತ ಇದರಾಗ ಯಾರು?"

ಶಿವರಂಜನಿ ತನ್ನ ಫೋನಿನಿಂದ ಮನೆಗೆ ಫೋನು ಹಚ್ಚಿ, ದನಿ ಎಲ್ಲರಿಗೂ ಕೇಳುವಂತೆ ಇಟ್ಟಳು.

"ಟ್ರೇನಿಂಗ್ ಮುಗೀತೇನವ್ವಾ?" ಎಂದಳು ಚಂದಮ್ಮ.

"ಅವ್ವಾ, ನೀ ಲೂಡೋ ಆಡಾಕತ್ತೀದಿ ಹೌದಲ್ಲ?"

ಆ ಕಡೆಯಿಂದ ಸಣ್ಣ ದನಿ ಬಂತು. "ಯಾರು ಹೇಳಿದ್ರು?"

"ಯಾಕ ಆಡಿದಿ ಅವ್ವಾ?"

"ನೀ ಆ ಹುಡುಗನ ಕಾಯಿ ಹೊಡಿಯೂದು ನೋಡಿ ನನ್ನ ಜೀವ ಝಲ್ ಅಂತಿತ್ತು. ಒಂದು ಹೂವಿಲ್ಲ, ನಮಸ್ಕಾರಿಲ್ಲ. ಸಿಟ್ಟಿನಾಕಿ ಅಂತ ಅವ ತಿಳ್ಕೊಂಡ್ರ? ಮತ್ತ ಹೊಳ್ಳಿ ಹೋದ್ರ? ಒಮ್ಮೆ ಚಪ್ಪರ ಬಿಚ್ಚೀವಿ. ಇನ್ನೊಮ್ಮೆ ಬಿಚ್ಚಿದ್ರ ನಾ ಉಳೀತಿದ್ದಿಲ್ಲವ್ವಾ. ಅದಕ್ಕ ನೀ ಇಲ್ಲದಾಗ ನಿನ್ನ ಪರವಾಗಿ ನಾನ ಜರಾ ಛಲೋತ್ನಾಗಿ ಆಡ್ತಿದ್ದೆ. ಹುಡುಗ ಭಾಳ ಒಳ್ಳೆವ ಅದಾನ. ನಾ ಮುಂದ ಇಟ್ರೂ ಹೊಡಿಯೂದಿಲ್ಲ."

ಮೋನಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಫೋನಿನ ಹತ್ತಿರ ಬಗ್ಗಿದಳು.

"ಬೀಗತಿ, ಅದು ನಮ್ಮ ಹುಡುಗ ಅಲ್ರಿ. ನಾನು."

ಆ ಕಡೆ ಪಾತ್ರೆಯೊಂದು ಕೆಳಗೆ ಬಿದ್ದ ಸದ್ದಾಯಿತು.

"ನನ್ನ ಮಗ ಬಸ್ಸಿನ್ಯಾಗ ಊರ ಮಂದಿ ಕೂಡ ಮಾತಾಡಿ, ಮನಿಗಿ ಬಂದ್ರ ಗಪ್ ಕೂಡ್ತಾನ್ರಿ," ಮೋನಮ್ಮ ಹೇಳುತ್ತ ಹೋದಳು. "ಇವನ ಆಟ ನೋಡಿದ್ರ ಬರೇ ಹೊಡಿ, ಬಡಿ. ಹೆಣ್ಣ ಹುಡುಗಿ ಕೂಡ ಹಂಗ ಆಡ್ತಾರೇನ್ರಿ? ಆಕಿ ಬ್ಯಾಸರಾಗಿ ಒಲ್ಲೆ ಅಂದ್ರ ಏನ್ ಮಾಡೂದಂತ ನಾ ಹೂವು ಕಳಿಸ್ತಿದ್ದೆ. ನೀವೂ ಕಳಿಸಿದ್ರಿ. ಸೊಸಿಗಿ ಎಷ್ಟು ಪ್ರೀತಿ ಅದ ಅಂತ ನಾ ಓಣಿ ತುಂಬ ಹೇಳಿಕೊಂಡು ಬಂದೀನಿ."

ಚಂದಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ಫೋನಿನಲ್ಲಿ ಗೊತ್ತಾಗಲಿಲ್ಲ. ಇಬ್ಬರು ಬೀಗತಿಯರು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಮಾತಾಡತೊಡಗಿದರು. ತಮ್ಮ ತಮ್ಮ ಮಕ್ಕಳ ಹೆಸರಿನಲ್ಲಿ ತಿಂಗಳುಗಟ್ಟಲೆ ಪ್ರೀತಿ ಮಾಡಿದವರು ಅವರೇ ತಾನೆ!

ಶಿವರಂಜನಿ ಫೋನನ್ನು ಅತ್ತೆಯ ಕೈಗೆ ಕೊಟ್ಟು ಹೊರಗೆ ಬಂದಳು.

* * *

ರೇವಣಸಿದ್ದ ಹಿಂದೆಯೇ ಬಂದ. ಅವಳು ಓಣಿಯ ಬೇವಿನ ಮರದ ಕೆಳಗೆ ನಿಂತಿದ್ದಳು. ಮುಖದಲ್ಲಿ ನಗುವಿರಲಿಲ್ಲ.

"ಇನ್ನೂ ಸಂಶೆ ಅದ?"

"ನಿಮ್ಮ ಮನ್ಯಾಗ ಯಾರೋ ಅದಾರ ಅನ್ನೂ ಸಂಶೆ ಹೋತು." ಅವಳು ನೆಲ ನೋಡುತ್ತ ಹೇಳಿದಳು. "ಹೂವೆಲ್ಲಾ ನಿಮ್ಮ ಅವ್ವಂದು. ಕೈ ಮುಗಿದಿದ್ದೂ ಅವರ. ಹಂಗಂದ್ರ ನಿಮ್ಮದು ಅಂತ ನನಗ ಏನು ಬಂತು? ಅದು ಗೊತ್ತಾಗಲಾರದ ಜವಳಿಗಿ ಹೂಂ ಅನ್ನಾಕ ಬರಾಂಗಿಲ್ಲ ನನಗ."

"ನಿಮ್ಮ ಕಾಯಿ ಹೊಡದಿದ್ದೆಲ್ಲಾ ನಾನು."

ಅವಳು ತಲೆ ಎತ್ತಿದಳು.

"ಬಾಗಿಲಿಗಿ ಬಂದ ಕಡೀ ಕಾಯಿ ಹೊಡದೆ ನೋಡ್ರಿ, ಅದೂ ನಾನ. ಶಹಾಪುರದಾಗ ಬಸ್ಸು ನಿಂತಾಗ. ಡ್ರೈವರ್ ಚಾ ತಂದುಕೊಟ್ಟಿದ್ದ, ಅದು ತಣ್ಣಗಾಗಿ ಹೋತು."

"ಯಾಕ ಹೊಡದ್ರಿ? ಬಿಡಬಹುದಿತ್ತಲ್ಲ."

"ನೋಡಾಕ ಬಂದ ದಿನ ಚಾ ಕೊಡುಮುಂದ ನೀವು ಒಂದ ಮಾತು ಅಂದ್ರಿ. ಯಾರಿಗೂ ಕೇಳಲಾರದಂಗ. 'ಪಾಪ ಅಂತ ಒಪ್ಪಿಕೊಳ್ಳೂದಿದ್ರ ಈಗ ಎದ್ದು ಹೋಗ್ರಿ' ಅಂತ."

ಶಿವರಂಜನಿಗೆ ನೆನಪಿತ್ತು. ಅವನಿಗೂ ನೆನಪಿರುತ್ತದೆ ಎಂದುಕೊಂಡಿರಲಿಲ್ಲ.

"ನಾ ಎದ್ದು ಹೋಗಲಿಲ್ಲ. ಆದ್ರ ಪಾಪ ಅಂತ ಕೂತಿಲ್ಲ ಅನ್ನೂದು ನಿಮಗ ಹೆಂಗ ಹೇಳೂದು? ಮಾತಾಡಾಕ ನಿಮ್ಮ ಅಪ್ಪಾರು ಬಿಡೂದಿಲ್ಲ. ಮಾತಾಡಿದ್ರೂ ನೀವು ನಂಬೂದಿಲ್ಲ. ಅದಕ್ಕ ಆಟ ಕೇಳಿದೆ." ಅವನು ಟಿಕೆಟ್ ಚೀಲದ ಪಟ್ಟಿಯನ್ನು ಸುಮ್ಮನೆ ಸುತ್ತುತ್ತಿದ್ದ. "ಪಾಪ ಅಂದವ ನಿಮ್ಮ ಕಾಯಿ ಬಿಟ್ಟುಬಿಡ್ತಿದ್ದ. ನಾ ಒಂದೂ ಬಿಡಲಿಲ್ಲ. ನೀವೂ ಬಿಡಲಿಲ್ಲ. ಬಸ್ಸು ಶಹಾಪುರಕ್ಕ ಯಾವಾಗ ಮುಟ್ಟೀತು ಅಂತ ದಾರಿ ತುಂಬ ಕಾಯ್ತಿದ್ದೆ ನಾ. ಆ ಹೂವು ಕಳಿಸಾಕಿ ನೀವಾಗಿದ್ರ, ಖರೆ ಹೇಳ್ತೀನಿ, ನನಗ ಬ್ಯಾಡಾಗಿತ್ತು. ಮುಂಜಾನೆ ಬೆನ್ನು ಹತ್ತಾಕಿ ಬೇಕಾಗಿತ್ತು."

ಶಿವರಂಜನಿಯ ಕಣ್ಣು ತುಂಬಿ ಬಂದವು. ಎರಡು ವರ್ಷದಿಂದ ಜನ ಅವಳಿಗೆ ಎಷ್ಟೋ ಒಳ್ಳೆಯ ಮಾತು ಹೇಳಿದ್ದರು. ಯಾವುದೂ ಒಳಗೆ ಹೋಗಿರಲಿಲ್ಲ. ಇದು ಹೋಯಿತು. ಹೋಗಿ, ಆ ಕಲ್ಲು ಕೂತಿದ್ದ ಜಾಗದಲ್ಲಿ ಮೆತ್ತಗೆ ಕೂತಿತು.

"ನನಗೂ ಮುಂಜಾನಿಯವರ ಬೇಕಾಗಿತ್ತು," ಎಂದಳು. ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. "ಅವರು ಬ್ಯಾರೆ ಯಾರೋ ಇದ್ರ ಅಂತ ಅಂಜಿ ಬಂದೆ."

ಬಸ್ ಸ್ಟ್ಯಾಂಡ್ ಕಡೆಯಿಂದ ಹಾರ್ನ್ ಕೇಳಿತು. ಡ್ರೈವರ್ ಕರೆಯುತ್ತಿದ್ದ. ಇಬ್ಬರೂ ಕದಲಲಿಲ್ಲ. ಒಳಗಿನಿಂದ ಮೋನಮ್ಮನ ನಗು ಓಣಿಯವರೆಗೂ ಬರುತ್ತಿತ್ತು. ಬೀಗತಿಯರ ಮಾತು ಸದ್ಯಕ್ಕೆ ಮುಗಿಯುವ ಹಾಗೆ ಕಾಣಲಿಲ್ಲ.

"ನಿಮ್ಮ ಅಪ್ಪಾರಿಗಿ ಏನು ಹೇಳ್ತೀರಿ?" ರೇವಣಸಿದ್ದ ಕೇಳಿದ. ಬಸ್ಸಿನ ತುಂಬ ಕೂಗಿ ಮಾತಾಡುವವನ ದನಿ ಈಗ ಅವನಿಗೇ ಕೇಳಿಸದಷ್ಟು ತಗ್ಗಿತ್ತು.

"ಜವಳಿ ಆಗಲಿ ಅಂತ ಹೇಳ್ತೀನಿ. ಆದ್ರ ನೀವೂ ಬರಬೇಕು."

"ಜವಳಿಗಿ ಮದುಮಗ ಬರೂ ಪದ್ಧತಿ ಇಲ್ಲಲ್ಲ. ಹಿರಿಯರು ಬರ್ತಾರ."

"ನಿಮ್ಮ ಪರವಾಗಿ ಇನ್ಯಾರೂ ಬ್ಯಾಡ್ರಿ ನನಗ. ನನ್ನ ಸೀರಿ ನೀವ ನಿಂತು ನೋಡಬೇಕು."

ಅವನು ಮೊದಲ ಸಲ ನಕ್ಕ. "ಡ್ಯೂಟಿ ಬದಲಿ ಮಾಡ್ಕೊಂಡು ಬರ್ತೀನಿ. ಆದ್ರ ಈಗ ಹೇಳಿರ್ತೀನಿ ನೋಡ್ರಿ. ನಿಮಗ ಒಪ್ಪಲಾರದ ಸೀರಿ ಉಟ್ಟು ಬಂದು ತೋರಿಸಿದ್ರ, ಛಲೋ ಕಾಣ್ತದ ಅಂತ ಹೇಳಾಕ ನನಗ ಬರೂದಿಲ್ಲ."

ಶಿವರಂಜನಿ ಕಣ್ಣೊರೆಸಿಕೊಂಡಳು.

"ಅದಕ್ಕ ನಿಮ್ಮನ್ನ ಕರಿಯಾಕತ್ತೀನಿ."